ಚೆಕ್ಕಿನ ಹಿಂದೆ ನಿಂತವರು ಯಾರು?

(ರೈತ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ಬೆಳೆ ಬೆಳೆಯುವ ಬಗ್ಗೆ ಎರಡು ದಿನಗಳಿಂದ ಬೇಕಾದಷ್ಟು ಕೇಳಿದ್ದೀರಿ. ಬೀಜ, ಗೊಬ್ಬರ, ಔಷಧ, ನೀರು ಎಲ್ಲವೂ ಆಯಿತು. ನನ್ನ ಪಾಲಿಗೆ ಬಂದಿರುವುದು ಬೆಳೆದ ಮೇಲಿನ ಮಾತು. ಮಾಲು ನಮ್ಮ ಕೈಬಿಟ್ಟ ಗಳಿಗೆಗೂ ಹಣ ನಮ್ಮ ಕೈಸೇರುವ ಗಳಿಗೆಗೂ ನಡುವೆ ಒಂದು ಅಂತರವಿರುತ್ತದಲ್ಲ, ಆ ಅಂತರದಲ್ಲಿ ನಷ್ಟದ ಹೊರೆ ಯಾರ ತಲೆಯ ಮೇಲಿರುತ್ತದೆ ಎಂಬುದನ್ನು ಕುರಿತು ಸ್ವಲ್ಪ ಮಾತನಾಡುತ್ತೇನೆ. ಇದಕ್ಕೆ ನಾನು ಆರಿಸಿಕೊಂಡಿರುವ ಉದಾಹರಣೆ ಇಂಗ್ಲೆಂಡಿನದು. ಅಲ್ಲಿ 1965ರಿಂದ 2011ರವರೆಗೆ ಚೆಕ್ಕಿಗೆ ಜಾಮೀನು ನಿಲ್ಲುವ ಒಂದು ಕಾರ್ಡು ಚಾಲ್ತಿಯಲ್ಲಿತ್ತು. ನಿಂತುಹೋದ ಪದ್ಧತಿ ನಮಗೇಕೆ ಎಂದು ನೀವು ಕೇಳಬಹುದು. ಅದನ್ನು ಹೇಳುವ ಮುಂಚೆ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಬೇಕು.

1979ರಲ್ಲಿ ನಮ್ಮಣ್ಣ 22 ಚೀಲ ಶೇಂಗಾ ಮಾರಿದ. ಮಾರುಕಟ್ಟೆಯ ಪ್ರಾಂಗಣಕ್ಕೆ ಒಯ್ಯಲಿಲ್ಲ. ವ್ಯಾಪಾರಿಯೊಬ್ಬ ಕಣಕ್ಕೇ ಬಂದು ತೂಕ ಮಾಡಿಸಿಕೊಂಡು ಹೋದ. ಹಿಂದಿನ ವರ್ಷ ಅದೇ ಮನುಷ್ಯ ನಗದು ಕೊಟ್ಟಿದ್ದ. ಈ ಸಲ 2,480 ರೂಪಾಯಿಗೆ ಚೆಕ್ಕು ಬರೆದುಕೊಟ್ಟ. ಅಣ್ಣ ಚೆಕ್ಕನ್ನು ತನ್ನ ಖಾತೆಗೆ ಹಾಕಿದ. ಹನ್ನೆರಡು ದಿನಗಳ ಮೇಲೆ ಅದು ಒಂದು ಸಣ್ಣ ಚೀಟಿಯೊಂದಿಗೆ ವಾಪಸು ಬಂತು. ಚೀಟಿ ಇಂಗ್ಲಿಷಿನಲ್ಲಿತ್ತು. ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಓದಿಸಿಕೊಳ್ಳಲು ನನ್ನ ಹತ್ತಿರ ತಂದ. ಚೆಕ್ಕು ಬರೆದವರನ್ನು ವಿಚಾರಿಸಿ ಎಂದು ಅದರಲ್ಲಿತ್ತು. ಅಣ್ಣನಿಗೆ ಸಮಾಧಾನವೇ ಆಯಿತು. ಬ್ಯಾಂಕಿನವರೇ ವಿಚಾರಿಸಿ ಎಂದು ಬರೆದ ಮೇಲೆ ಆತ ಕೊಡದೆ ಎಲ್ಲಿ ಹೋಗುತ್ತಾನೆ ಎಂದ. ಖಾತೆಯಲ್ಲಿ ಹಣವಿಲ್ಲ ಎಂಬುದನ್ನು ಬ್ಯಾಂಕುಗಳು ಹೀಗೆ ಮರ್ಯಾದೆಯ ಮಾತಿನಲ್ಲಿ ಹೇಳುತ್ತವೆ ಎಂದು ಅವನಿಗೆ ತಿಳಿಸಿ ಹೇಳುವುದು ನನಗೆ ಕಷ್ಟವಾಯಿತು. ಮುಂದೆ ಮೂರು ವರ್ಷ ಆ ಊರಿಗೆ ಓಡಾಡಿ, ಐವತ್ತು ನೂರರಂತೆ 900 ರೂಪಾಯಿ ವಸೂಲು ಮಾಡಿದ. ಉಳಿದದ್ದು ಬರಲಿಲ್ಲ. ಮರುವರ್ಷದ ಬಿತ್ತನೆ ಬೀಜವನ್ನು ಸೊಸೈಟಿಯಿಂದ ಸಾಲ ತಂದ.

ಅಣ್ಣ ಮಾಡಿದ ತಪ್ಪೇನು? ಚೆಕ್ಕಿನ ಮೇಲೆ ಬ್ಯಾಂಕಿನ ಹೆಸರು ದಪ್ಪ ಅಕ್ಷರದಲ್ಲಿತ್ತು. ಅದನ್ನು ನೋಡಿ, ಹಣ ಕೊಡುತ್ತೇನೆಂದು ಬ್ಯಾಂಕೇ ಒಪ್ಪಿದೆ ಎಂದು ತಿಳಿದ. ಅನೇಕರು ಹೀಗೆಯೇ ತಿಳಿದಿದ್ದಾರೆ. ವಾಸ್ತವವಾಗಿ ಚೆಕ್ಕು ಎಂದರೆ ಖಾತೆದಾರನು ತನ್ನ ಬ್ಯಾಂಕಿಗೆ ಬರೆದ ಒಂದು ಆದೇಶ, ಅಷ್ಟೆ. ಇಂಥವರಿಗೆ ಇಷ್ಟು ಹಣ ಕೊಡು ಎಂದು ಆತ ಬರೆದಿದ್ದಾನೆ. ಖಾತೆಯಲ್ಲಿ ಹಣವಿದ್ದರೆ ಬ್ಯಾಂಕು ಆ ಆದೇಶವನ್ನು ಪಾಲಿಸುತ್ತದೆ, ಇಲ್ಲದಿದ್ದರೆ ಇಲ್ಲ. ಚೆಕ್ಕು ಪಡೆದ ನಿಮಗೂ ಆ ಬ್ಯಾಂಕಿಗೂ ನಡುವೆ ಯಾವ ಕರಾರೂ ಇರುವುದಿಲ್ಲ. ನಿಮಗೆ ಮಾತು ಕೊಟ್ಟವನು ಚೆಕ್ಕು ಬರೆದವನು ಮಾತ್ರ.

ಇದು ಇಂಗ್ಲೆಂಡಿನ ಅಂಗಡಿಕಾರರಿಗೂ ಇದ್ದ ತೊಂದರೆಯೇ. ಅದಕ್ಕೆ ಅವರು ಹುಡುಕಿಕೊಂಡ ಉಪಾಯವೇ ನಾನು ಹೇಳಹೊರಟಿರುವ ಕಾರ್ಡು.

ಸೇಬಿನ ತೋಟದಲ್ಲಿ ಕಂಡದ್ದು

1983ರಲ್ಲಿ ಹೆಚ್ಚಿನ ವ್ಯಾಸಂಗಕ್ಕಾಗಿ ನಾನು ಕೆಲವು ತಿಂಗಳು ಇಂಗ್ಲೆಂಡಿನಲ್ಲಿದ್ದೆ. ಅಲ್ಲಿಯ ಕೆಂಟ್ ಪ್ರಾಂತ ಸೇಬಿಗೆ ಹೆಸರುವಾಸಿ. ರಸ್ತೆ ಬದಿಯ ತೋಟಗಳಲ್ಲಿ ಬೆಳೆಗಾರರೇ ಒಂದು ಕೊಟ್ಟಿಗೆಯನ್ನು ಅಂಗಡಿ ಮಾಡಿಕೊಂಡು ಸೇಬು, ಆಲೂಗೆಡ್ಡೆ, ಮೊಟ್ಟೆ ಮಾರುತ್ತಾರೆ. ಅಂಥ ಒಂದು ತೋಟಕ್ಕೆ ಶನಿವಾರಗಳಲ್ಲಿ ಹೋಗುತ್ತಿದ್ದೆ. ಒಂದು ದಿನ ಕಾರಿನಲ್ಲಿ ಬಂದ ಹೆಂಗಸೊಬ್ಬರು ಎರಡು ಪೆಟ್ಟಿಗೆ ಸೇಬು, ಒಂದು ಮೂಟೆ ಆಲೂಗೆಡ್ಡೆ ತೆಗೆದುಕೊಂಡು ಚೆಕ್ಕು ಪುಸ್ತಕ ಬಿಚ್ಚಿದರು. ಬೆಳೆಗಾರನಿಗೆ ಅವರ ಪರಿಚಯವಿರಲಿಲ್ಲ. ನಮ್ಮಣ್ಣನ ನೆನಪಾಗಿ ನಾನು ಕುತೂಹಲದಿಂದ ನೋಡುತ್ತಾ ನಿಂತೆ.

ಆಕೆ ಚೆಕ್ಕಿನ ಜೊತೆಗೆ ಒಂದು ಪ್ಲಾಸ್ಟಿಕ್ ಕಾರ್ಡನ್ನು ಮೇಜಿನ ಮೇಲಿಟ್ಟರು. ಬೆಳೆಗಾರ ಆ ಕಾರ್ಡಿನ ತಾರೀಖು ನೋಡಿದ. ಆಕೆ ತನ್ನ ಎದುರಿಗೇ ಚೆಕ್ಕಿಗೆ ಸಹಿ ಮಾಡುವುದನ್ನು ನೋಡಿದ. ಕಾರ್ಡಿನ ಹಿಂಬದಿಯ ಸಹಿಗೂ ಚೆಕ್ಕಿನ ಸಹಿಗೂ ಹೊಂದಿಕೆಯಿದೆಯೇ ಎಂದು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡ. ಆಮೇಲೆ ಚೆಕ್ಕನ್ನು ಮಗುಚಿ ಅದರ ಬೆನ್ನಿಗೆ ಕಾರ್ಡಿನ ನಂಬರನ್ನು ತನ್ನ ಕೈಯಿಂದಲೇ ಬರೆದ. ಇಷ್ಟಕ್ಕೆ ಒಂದು ನಿಮಿಷ ಹಿಡಿಯಿತು. ಅವರು ಹೋದ ಮೇಲೆ ನಾನು ವಿಚಾರಿಸಿದೆ. ಈಗ ಇದು ಆ ಹೆಂಗಸಿನ ಮಾತಲ್ಲ, ಅವಳ ಬ್ಯಾಂಕಿನ ಮಾತು ಎಂದ. ಅವಳ ಖಾತೆಯಲ್ಲಿ ಒಂದು ಪೆನ್ನಿ ಇಲ್ಲದಿದ್ದರೂ ಬ್ಯಾಂಕು ತನಗೆ ಹಣ ಕೊಡಲೇಬೇಕು ಎಂದ.

ನನಗೆ ಅದನ್ನು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ನಂತರ ಓದಿ ತಿಳಿದುಕೊಂಡೆ. ಆತ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಈ ಕಾರ್ಡನ್ನು ಬ್ರಿಟನ್ನಿನಲ್ಲಿ 1965ರಲ್ಲಿ ನ್ಯಾಷನಲ್ ಪ್ರಾವಿನ್ಷಿಯಲ್ ಬ್ಯಾಂಕು ಆರಂಭಿಸಿತು. ಒಂದು ಚೆಕ್ಕಿಗೆ 30 ಪೌಂಡಿನವರೆಗೆ ಜಾಮೀನು. ಆಗ ಅಲ್ಲಿಯ ಕೈಕೆಲಸಗಾರನ ಒಂದು ವಾರದ ಸರಾಸರಿ ಗಳಿಕೆ ಸುಮಾರು 20 ಪೌಂಡಿನಷ್ಟಿತ್ತು ಎಂದರೆ ಈ ಮೊತ್ತದ ಬೆಲೆ ನಿಮಗೆ ತಿಳಿಯುತ್ತದೆ. ಮರುವರ್ಷ ಬಾರ್‌ಕ್ಲೇಸ್ ಬ್ಯಾಂಕು ತನ್ನ ಬಾರ್‌ಕ್ಲೇಕಾರ್ಡನ್ನು ಹೊರತಂದಿತು. ಅದು ಸಾಲದ ಕಾರ್ಡು, ಆ ಬ್ಯಾಂಕಿನ ಖಾತೆದಾರರಿಗೆ ಚೆಕ್ಕಿನ ಜಾಮೀನು ಕಾರ್ಡಾಗಿಯೂ ನಡೆಯುತ್ತಿತ್ತು. ಬ್ಯಾಂಕಿಗೊಂದು ನಿಯಮವಾದರೆ ಅಂಗಡಿಕಾರ ಗೊಂದಲಕ್ಕೆ ಬೀಳುತ್ತಾನೆ. ಆದ್ದರಿಂದ 1969ರಲ್ಲಿ ಬ್ಯಾಂಕುಗಳು ಸೇರಿ ಒಂದೇ ಬಗೆಯ ನಿಯಮಗಳ ಪದ್ಧತಿಯನ್ನು ಮಾಡಿಕೊಂಡವು. 1977ರಲ್ಲಿ ಮಿತಿ 50 ಪೌಂಡಿಗೆ ಏರಿತು. ನಾನು ಕಂಡದ್ದು ಈ 50 ಪೌಂಡಿನ ಕಾಲ. ಮುಂದೆ 100 ಮತ್ತು 250 ಪೌಂಡಿನ ಕಾರ್ಡುಗಳೂ ಬಂದವು. ಖೋಟಾ ಕಾರ್ಡು ತಡೆಯಲು ಮಹಾಕವಿ ಷೇಕ್ಸ್‌ಪಿಯರನ ಹೊಳೆಯುವ ಚಿತ್ರವನ್ನೂ ಕಾರ್ಡಿನ ಮೇಲೆ ಅಚ್ಚು ಹಾಕಿದರು. ಕವಿಯನ್ನು ಜಾಮೀನಿಗೆ ನಿಲ್ಲಿಸಿದ ದೇಶ ಬೇರೊಂದು ಇದೆಯೋ ಇಲ್ಲವೋ!

ಜಾಮೀನು ಸುಮ್ಮನೆ ಸಿಗುವುದಿಲ್ಲ

ಇಲ್ಲಿ ನೀವು ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ಬ್ಯಾಂಕು ಮಾತು ಕೊಟ್ಟದ್ದು ಷರತ್ತಿನ ಮೇಲೆ. ಆ ಷರತ್ತುಗಳನ್ನು ಪಾಲಿಸುವ ಹೊಣೆ ಮಾಲು ಮಾರುವವನದು. ಚೆಕ್ಕಿಗೆ ಅವನ ಎದುರಿಗೇ ಸಹಿಯಾಗಬೇಕು. ಮೊದಲೇ ಸಹಿ ಮಾಡಿ ತಂದದ್ದು ನಡೆಯದು. ಕಾರ್ಡಿನ ಅವಧಿ ಮುಗಿದಿರಬಾರದು. ಚೆಕ್ಕಿನ ಮೇಲಿನ ಬ್ಯಾಂಕಿನ ಸಂಕೇತ ಸಂಖ್ಯೆಯೂ ಕಾರ್ಡಿನ ಸಂಖ್ಯೆಯೂ ಒಂದಕ್ಕೊಂದು ತಾಳೆಯಾಗಬೇಕು. ಚೆಕ್ಕಿಗೆ ಅಂದಿನ ತಾರೀಖನ್ನೇ ಹಾಕಬೇಕು. ಕಾರ್ಡಿನ ನಂಬರನ್ನು ಬೆನ್ನಿಗೆ ಬರೆಯಬೇಕಾದವನು ಹಣ ಪಡೆಯುವವನು. ಮೊಬಲಗು ಮಿತಿಯೊಳಗಿರಬೇಕು, ಒಂದು ವ್ಯವಹಾರಕ್ಕೆ ಒಂದೇ ಚೆಕ್ಕು. ಇವುಗಳಲ್ಲಿ ಒಂದು ತಪ್ಪಿದರೂ ಬ್ಯಾಂಕು ಕೈತೊಳೆದುಕೊಳ್ಳಬಹುದಾಗಿತ್ತು. ಎಲ್ಲವೂ ಸರಿಯಿದ್ದರೆ, ಚೆಕ್ಕು ಬರೆದವನೇ ಆಮೇಲೆ ಬ್ಯಾಂಕಿಗೆ ಹೋಗಿ ಹಣ ಕೊಡಬೇಡಿ ಎಂದರೂ ಬ್ಯಾಂಕು ಕೇಳುತ್ತಿರಲಿಲ್ಲ.

ಅದೇ ತೋಟದಲ್ಲಿ ಇನ್ನೊಂದು ಶನಿವಾರ ಹೋಟೆಲಿನವನೊಬ್ಬ 120 ಪೌಂಡಿನಷ್ಟು ಮಾಲು ಎತ್ತಿಸಿ ವ್ಯಾನಿಗೆ ಹಾಕಿಸಿದ. ಕಾರ್ಡು ತೋರಿಸಿ, 40 ಪೌಂಡಿನಂತೆ ಮೂರು ಚೆಕ್ಕು ಬರೆಯುತ್ತೇನೆ, ಮೂರಕ್ಕೂ ಜಾಮೀನು ಸಿಗುತ್ತದೆ ಎಂದ. ಬೆಳೆಗಾರ ಒಪ್ಪಲಿಲ್ಲ. ಒಂದು ವ್ಯಾಪಾರವನ್ನು ಮೂರು ತುಂಡು ಮಾಡಿದರೆ ಬ್ಯಾಂಕು ಒಂದಕ್ಕೂ ಹೊಣೆಯಾಗುವುದಿಲ್ಲ ಎಂದು ಹೇಳಿ, 50 ಪೌಂಡಿನ ಮಾಲನ್ನು ಈಗ ಒಯ್ಯಿ, ಉಳಿದದ್ದಕ್ಕೆ ನಗದು ತಾ ಎಂದ. ಆ ಮನುಷ್ಯ ಸಿಟ್ಟಾದ. ಹತ್ತು ಜನರ ಎದುರಿಗೆ ತನ್ನನ್ನು ನಂಬಲಿಲ್ಲವೆಂದು ಕೂಗಾಡಿದ. ಬೆಳೆಗಾರ ಮಾತು ಬೆಳೆಸದೆ ಪೆಟ್ಟಿಗೆಗಳನ್ನು ವ್ಯಾನಿನಿಂದ ಕೆಳಗಿಳಿಸಿಕೊಂಡ. ನಮ್ಮ ರೈತನಿಗೆ ಕಷ್ಟವಾಗುವುದು ಇದೇ. ಮನೆ ಬಾಗಿಲಿಗೆ ಬಂದವನ ಮುಖ ಮುರಿಯಲು ಸಂಕೋಚ. ತೂಕವಾದ ಮಾಲನ್ನು ಮತ್ತೆ ಇಳಿಸಿಕೊಳ್ಳಲು ಇನ್ನೂ ಸಂಕೋಚ. ನಮ್ಮಣ್ಣನಿಗೂ ಆ ದಿನ ಒಂದು ಮನಸ್ಸು ಬೇಡ ಎಂದಿತ್ತಂತೆ. ಚೀಲಗಳು ಆಗಲೇ ಗಾಡಿ ಏರಿದ್ದವು.

ಕಾರ್ಡಿನಲ್ಲಿ ದೋಷಗಳೂ ಇದ್ದವು. ಇಡೀ ಪದ್ಧತಿ ನಿಂತಿದ್ದು ಒಂದು ಸಹಿಯ ಹೋಲಿಕೆಯ ಮೇಲೆ. ಕಾರ್ಡು, ಚೆಕ್ಕು ಪುಸ್ತಕ ಎರಡೂ ಒಟ್ಟಿಗೆ ಕಳ್ಳನ ಕೈಗೆ ಸಿಕ್ಕರೆ, ಸಹಿ ನಕಲು ಮಾಡುವುದು ಬಂದರೆ, ಅವನು ಊರೆಲ್ಲ ಸಾಮಾನು ಕೊಳ್ಳಬಹುದಾಗಿತ್ತು. ಅದಕ್ಕೇ ಎರಡನ್ನೂ ಬೇರೆ ಬೇರೆ ಕಡೆ ಇಟ್ಟುಕೊಳ್ಳಿರೆಂದು ಬ್ಯಾಂಕುಗಳು ಗಿರಾಕಿಗಳಿಗೆ ಬುದ್ಧಿ ಹೇಳುತ್ತಿದ್ದವು. ಹೀಗೆ ಕದ್ದ ಕಾರ್ಡಿನಿಂದ ಆದ ವ್ಯಾಪಾರವೊಂದು ಅಲ್ಲಿಯ ಅಪೀಲು ನ್ಯಾಯಾಲಯದ ಮುಂದೆ ಬಂದು 1993ರಲ್ಲಿ ತೀರ್ಪಾಯಿತು. ಅಂಗಡಿಯವರು ಷರತ್ತುಗಳನ್ನು ಪಾಲಿಸಿದ್ದರು, ಸಹಿಯೂ ಹೋಲುತ್ತಿತ್ತು. ಸಹಿ ಖೋಟಾ ಆಗಿದ್ದರೂ ಬ್ಯಾಂಕೇ ಹಣ ಕೊಡತಕ್ಕದ್ದು ಎಂದು ಬಹುಮತದ ತೀರ್ಪು ಬಂತು.

ಖಾತೆದಾರನೇ ಮೋಸ ಮಾಡಿದರೆ? ಅದೂ ನಡೆದಿತ್ತು. ಒಬ್ಬ ಆಸಾಮಿ ಒಂದೇ ರಾತ್ರಿ ಜೂಜಿನ ಕ್ಲಬ್ಬೊಂದರಲ್ಲಿ ಕಾರ್ಡು ತೋರಿಸಿ, ತಲಾ 30 ಪೌಂಡಿನಂತೆ 25 ಚೆಕ್ಕು ಬರೆದ. ಖಾತೆಯಲ್ಲಿ ಹಣವಿರಲಿಲ್ಲ. 100 ಪೌಂಡಿನವರೆಗೆ ಮಾತ್ರ ಹೆಚ್ಚುವರಿ ಪಡೆಯಲು ಅವನಿಗೆ ಅಪ್ಪಣೆಯಿತ್ತು. ಕ್ಲಬ್ಬಿಗೆ ನಷ್ಟವಾಗಲಿಲ್ಲ, ಬ್ಯಾಂಕು ಜಾಮೀನಿನ ಪ್ರಕಾರ ಕೊಟ್ಟಿತು. ಆದರೆ ಆತನ ಮೇಲೆ ಮೊಕದ್ದಮೆಯಾಗಿ, 1976ರಲ್ಲಿ ಹೌಸ್ ಆಫ್ ಲಾರ್ಡ್ಸ್ ಶಿಕ್ಷೆಯನ್ನು ಎತ್ತಿಹಿಡಿಯಿತು. ಕಾರ್ಡು ತೋರಿಸುವುದೆಂದರೆ, ಇದನ್ನು ಹೀಗೆ ಬಳಸಲು ನನ್ನ ಬ್ಯಾಂಕಿನ ಅನುಮತಿಯಿದೆ ಎಂದು ಹೇಳಿದಂತೆ. ಅನುಮತಿ ಇಲ್ಲದೆ ತೋರಿಸಿದರೆ ಅದು ಮೋಸ ಎಂಬುದು ತೀರ್ಪಿನ ತಿರುಳು. ಬ್ಯಾಂಕು ನಷ್ಟವನ್ನು ತನ್ನ ಮೇಲೆ ಹಾಕಿಕೊಂಡಿತು, ಮಾರಿದವನ ಮೇಲೆ ಹಾಕಲಿಲ್ಲ. ಖಾತೆದಾರನನ್ನು ಆರಿಸಿ ಕಾರ್ಡು ಕೊಟ್ಟವರು ತಾವೇ ಆದ್ದರಿಂದ ಅವನನ್ನು ಹಿಡಿಯಬೇಕಾದವರೂ ತಾವೇ ಎಂಬ ನ್ಯಾಯ ಇದರಲ್ಲಿದೆ. ನನಗೆ ಇದು ಬಹಳ ಮೆಚ್ಚುಗೆಯಾದ ಭಾಗ. ಅಪರಿಚಿತ ಗಿರಾಕಿಯ ಖಾತೆಯಲ್ಲಿ ಎಷ್ಟಿದೆ ಎಂಬುದು ಸೇಬು ಬೆಳೆದವನಿಗೆ ಹೇಗೆ ತಿಳಿಯಬೇಕು?

ಯುರೋಪಿನ ಇತರ ದೇಶಗಳಲ್ಲೂ 1960ರ ದಶಕದ ಕೊನೆಯಿಂದ ಯೂರೋಚೆಕ್ ಎಂಬ ಇಂಥದೇ ಏರ್ಪಾಟಿತ್ತು. ಒಂದು ದೇಶದ ಚೆಕ್ಕು ಇನ್ನೊಂದು ದೇಶದಲ್ಲಿ ನಡೆಯುತ್ತಿತ್ತು. ಜರ್ಮನಿಯಲ್ಲಿ ಅದರ ಜಾಮೀನು 400 ಮಾರ್ಕಿನವರೆಗೆ ಇತ್ತು. 2001ರ ಅಂತ್ಯಕ್ಕೆ ಆ ಜಾಮೀನು ಮುಗಿಯಿತು.

ದನಕರು, ಕುರಿ ಮಾರುವ ರೈತನಿಗೆ 50 ಪೌಂಡಿನ ಜಾಮೀನು ಏನೂ ಸಾಲದು ಎಂಬುದು ಸರಿಯಷ್ಟೆ. ಅಲ್ಲಿಯ ದನದ ಪೇಟೆಗಳಲ್ಲಿ ಸಾಮಾನ್ಯವಾಗಿ ಹರಾಜು ಸಂಸ್ಥೆಯೇ ರೈತನಿಗೆ ತನ್ನ ಚೆಕ್ಕು ಕೊಡುತ್ತದೆ. ಕೊಂಡವನಿಂದ ವಸೂಲು ಮಾಡುವ ತಾಪತ್ರಯ ಸಂಸ್ಥೆಯದು. ಅದಕ್ಕೆ ಕಮಿಷನ್ ಹಿಡಿಯುತ್ತದೆ. ನಮ್ಮ ನಿಯಂತ್ರಿತ ಮಾರುಕಟ್ಟೆಗಳಲ್ಲಿ ದಲಾಲಿ ಮಂಡಿಯವರು ರೈತನಿಗೆ ಪಟ್ಟಿ ಮಾಡಿ ಹಣ ಕೊಟ್ಟು, ಖರೀದಿದಾರನಿಂದ ತಾವು ಪಡೆಯುವ ಪದ್ಧತಿಗೂ ಇದಕ್ಕೂ ಹೋಲಿಕೆಯಿದೆ. ದಲಾಲಿಯನ್ನು ಬೈಯುವಾಗ ಈ ಒಂದು ಕೆಲಸವನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಣದಲ್ಲಿ ಮಾರಿದರೆ ಕಮಿಷನ್ ಉಳಿಯುತ್ತದೆ, ನಿಜ. ನಡುವೆ ನಿಲ್ಲುವವನೂ ಇಲ್ಲವಾಗುತ್ತಾನೆ.

ಕಾರ್ಡು ಏಕೆ ನಿಂತಿತು?

ಬೇರೊಂದು ಕಾರ್ಡು ಬಂದದ್ದರಿಂದ. 1987ರಲ್ಲಿ ಬ್ರಿಟನ್ನಿನಲ್ಲಿ ಡೆಬಿಟ್ ಕಾರ್ಡು ಬಂತು. ಅದನ್ನು ಬಳಸಿದಾಗ ಹಣ ಗಿರಾಕಿಯ ಖಾತೆಯಿಂದಲೇ ಕಳೆಯುತ್ತದೆ. ಯಂತ್ರಗಳು ಬ್ಯಾಂಕಿನೊಡನೆ ನೇರವಾಗಿ ಮಾತನಾಡತೊಡಗಿದ ಮೇಲೆ ಹಣವಿದೆಯೇ ಎಂಬುದು ಮಾಲು ಕೊಡುವ ಮುಂಚೆಯೇ ಗೊತ್ತಾಗುತ್ತದೆ. 2006ರ ಹೊತ್ತಿಗೆ ಸಹಿಯ ಬದಲು ಗುಪ್ತ ಸಂಖ್ಯೆ ಒತ್ತುವ ಪದ್ಧತಿ ಅಂಗಡಿಗಳಲ್ಲಿ ನೆಲೆಯೂರಿತು. 1990ರಲ್ಲಿ ಉತ್ತುಂಗ ಮುಟ್ಟಿದ್ದ ಚೆಕ್ಕಿನ ಬಳಕೆ ವರ್ಷದಿಂದ ವರ್ಷಕ್ಕೆ ಇಳಿದು, ದೊಡ್ಡ ಅಂಗಡಿಗಳು ಚೆಕ್ಕನ್ನೇ ಬೇಡವೆಂದವು. 2011ರ ಜೂನ್ 30ರಂದು ಜಾಮೀನು ಕಾರ್ಡಿನ ಪದ್ಧತಿಯನ್ನು ಮುಚ್ಚಿದರು. ಚೆಕ್ಕನ್ನೇ 2018ಕ್ಕೆ ತೆಗೆದುಹಾಕುವ ಗುರಿಯೂ 2009ರಲ್ಲಿ ಗೊತ್ತಾಗಿತ್ತು. ಆದರೆ ವಯಸ್ಸಾದವರು, ಸಣ್ಣ ವ್ಯಾಪಾರಿಗಳು, ಧರ್ಮಸಂಸ್ಥೆಗಳವರು ವಿರೋಧಿಸಿದ್ದರಿಂದ 2011ರ ಜುಲೈಯಲ್ಲಿ ಅದನ್ನು ಕೈಬಿಟ್ಟರು. ಹೀಗಾಗಿ ಅಲ್ಲಿ ಚೆಕ್ಕು ಉಳಿಯಿತು, ಜಾಮೀನು ಹೋಯಿತು. ಇಂದು ಆ ತೋಟದವನು ಚೆಕ್ಕು ತೆಗೆದುಕೊಂಡರೆ ಅವನ ಸ್ಥಿತಿ ನಮ್ಮ ಸ್ಥಿತಿಯೇ.

ನಮ್ಮಲ್ಲಿ ಏನು ಮಾಡಬೇಕು?

ಸಂತೆಪೇಟೆಯಲ್ಲಿ ಚೆಕ್ಕಿನ ಜೊತೆ ಕಾರ್ಡು ತೋರಿಸುವ ರೂಢಿ ನಮಗಿಲ್ಲ. ಬ್ಯಾಂಕಿನ ಮಾತೇ ಬೇಕೆಂದಿದ್ದರೆ ಡಿಮಾಂಡ್ ಡ್ರಾಫ್ಟ್ ಕೇಳಬೇಕು. ಡ್ರಾಫ್ಟು ಮಾಡಿಸುವವನು ಹಣವನ್ನು ಮೊದಲೇ ಕಟ್ಟಿರುತ್ತಾನೆ. ಅದರ ಮೇಲೆ ಬ್ಯಾಂಕೇ ಬ್ಯಾಂಕಿನ ಮೇಲೆ ಬರೆದ ಆದೇಶವಿರುತ್ತದೆ. ಆದರೆ ಖೋಟಾ ಡ್ರಾಫ್ಟುಗಳೂ ಉಂಟು. ದೊಡ್ಡ ಮೊಬಲಗಾದರೆ ಮಾಲು ಬಿಡುವ ಮುಂಚೆ ಶಾಖೆಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಚೆಕ್ಕಾಗಲಿ ಡ್ರಾಫ್ಟಾಗಲಿ 2012ರ ಏಪ್ರಿಲಿನಿಂದ ಬರೆದ ತಾರೀಖಿನಿಂದ ಮೂರು ತಿಂಗಳು ಮಾತ್ರ ಊರ್ಜಿತ. ಹಿಂದಿನಂತೆ ಆರು ತಿಂಗಳಲ್ಲ. ಪೆಟ್ಟಿಗೆಯಲ್ಲಿಟ್ಟು ಮರೆಯಬೇಡಿ.

ಈಗ ಬಹುಪಾಲು ವ್ಯವಹಾರ ಮೊಬೈಲಿನಲ್ಲಿ ನಡೆಯುತ್ತದೆ. ನೆಫ್ಟ್ 2019ರ ಡಿಸೆಂಬರಿನಿಂದ, ಎರಡು ಲಕ್ಷಕ್ಕೆ ಮೇಲ್ಪಟ್ಟ ಮೊತ್ತಗಳಿಗಾಗಿ ಇರುವ ಆರ್‌ಟಿಜಿಎಸ್ 2020ರ ಡಿಸೆಂಬರಿನಿಂದ ಹಗಲು ರಾತ್ರಿ, ರಜೆಯ ದಿನವೂ ನಡೆಯುತ್ತಿವೆ. ಆದ್ದರಿಂದ ಇಂದು ಭಾನುವಾರ, ಬ್ಯಾಂಕಿಲ್ಲ, ಚೆಕ್ಕು ಇಟ್ಟುಕೊಳ್ಳಿ ಎಂಬ ನೆಪ ನಡೆಯುವುದಿಲ್ಲ. ಆದರೆ ಇಲ್ಲೂ ಒಂದು ಎಚ್ಚರಿಕೆ ಬೇಕು. ಹಣ ಕಳಿಸಿದ್ದೇನೆ ನೋಡಿ ಎಂದು ಕೊಳ್ಳುವವನು ತನ್ನ ಮೊಬೈಲಿನ ಚಿತ್ರ ತೋರಿಸುತ್ತಾನೆ. ಅಂಥ ಚಿತ್ರವನ್ನು ಯಾರು ಬೇಕಾದರೂ ತಯಾರಿಸಬಹುದು. ನೀವು ನೋಡಬೇಕಾದದ್ದು ನಿಮ್ಮ ಖಾತೆಯ ಶಿಲ್ಕನ್ನು, ಅವನ ಪರದೆಯನ್ನಲ್ಲ. ಲಾರಿ ಹತ್ತು ನಿಮಿಷ ಕಾದರೆ ಟೊಮೇಟೊ ಕೊಳೆಯುವುದಿಲ್ಲ.

ಇಷ್ಟಾದರೂ ಚೆಕ್ಕು ತೆಗೆದುಕೊಳ್ಳಬೇಕಾದ ಪ್ರಸಂಗ ಬರುತ್ತದೆ, ಅದು ವಾಪಸೂ ಬರುತ್ತದೆ. ನಮ್ಮಣ್ಣನ ಕಾಲದಲ್ಲಿ ಇದಕ್ಕೆ ಸಿವಿಲ್ ದಾವೆ ಹೂಡಬೇಕಿತ್ತು, ಇಲ್ಲವೇ ಮೊದಲಿನಿಂದಲೂ ಮೋಸದ ಉದ್ದೇಶವಿತ್ತೆಂದು ರುಜುವಾತುಪಡಿಸಬೇಕಿತ್ತು. 1989ರ ಏಪ್ರಿಲ್ 1ರಿಂದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಗೆ 138ನೆಯ ಕಲಮು ಸೇರಿತು. ಸಲ್ಲತಕ್ಕ ಬಾಕಿಗೆಂದು ಕೊಟ್ಟ ಚೆಕ್ಕು ಹಣವಿಲ್ಲದೆ ಮರಳಿದರೆ ಅದು ಅಪರಾಧ. ಈಗ ಎರಡು ವರ್ಷದವರೆಗೆ ಸೆರೆವಾಸ, ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಮುಂದಿನ ತಾರೀಖು ಹಾಕಿಕೊಟ್ಟ ಚೆಕ್ಕಿಗೂ, ಆ ತಾರೀಖು ಬಂದು ಬ್ಯಾಂಕಿಗೆ ಹಾಕಿದ ಮೇಲೆ ಇದು ಅನ್ವಯಿಸುತ್ತದೆ.

ಈ ಕಲಮಿನಲ್ಲೂ ಆ ಇಂಗ್ಲಿಷ್ ಕಾರ್ಡಿನಂತೆ ಷರತ್ತುಗಳಿವೆ, ಪಾಲಿಸಬೇಕಾದವರು ನಾವೇ. ಚೆಕ್ಕು ವಾಪಸಾದ ಸುದ್ದಿ ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ, ಹಣ ಕೊಡಬೇಕೆಂದು ಬರೆದವನಿಗೆ ಲಿಖಿತ ನೋಟೀಸು ಕೊಡಬೇಕು. ನೋಟೀಸು ಮುಟ್ಟಿದ 15 ದಿನಗಳೊಳಗೆ ಅವನು ಕೊಟ್ಟರೆ ಅಲ್ಲಿಗೆ ಮುಗಿಯಿತು. ಕೊಡದಿದ್ದರೆ ಆ 15 ದಿನ ಕಳೆದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು ಹಾಕಬೇಕು. ಇವತ್ತು ನಾಳೆ ಎಂದು ಅವನು ಹೇಳುವ ಮಾತು ಕೇಳುತ್ತಾ ಕುಳಿತರೆ ಮೊದಲು ಕಳೆದುಹೋಗುವುದು ಈ 30 ದಿನಗಳೇ. ಅಣ್ಣ ಕಳೆದದ್ದು ಮೂರು ವರ್ಷ. ನೋಟೀಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀತಿ ಇಟ್ಟುಕೊಳ್ಳಿ. ವಕೀಲರ ಸಹಾಯ ಪಡೆಯುವುದು ಮೇಲು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲೂ ವಿಚಾರಿಸಬಹುದು. ವ್ಯಾಪಾರಿ ದೂರದ ಊರಿನವನೆಂದು ಅಂಜಬೇಕಾಗಿಲ್ಲ. 2015ರ ತಿದ್ದುಪಡಿಯ ಪ್ರಕಾರ, ನೀವು ನಿಮ್ಮ ಖಾತೆಗೆ ಹಾಕಿದ ಚೆಕ್ಕಾದರೆ, ನಿಮ್ಮ ಖಾತೆಯಿರುವ ಶಾಖೆ ಯಾವ ನ್ಯಾಯಾಲಯದ ವ್ಯಾಪ್ತಿಯಲ್ಲಿದೆಯೋ ಅಲ್ಲಿಯೇ ದೂರು ನಡೆಯುತ್ತದೆ.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ಕೋರಿಕೆ. ಬ್ಯಾಂಕಿನ ವಾಪಸು ಚೀಟಿ ಈಗಲೂ ಎಷ್ಟೋ ಕಡೆ ಇಂಗ್ಲಿಷಿನಲ್ಲೇ ಬರುತ್ತದೆ. ಯಾರಾದರೂ ಅದನ್ನು ಹಿಡಿದು ನಿಮ್ಮ ಹತ್ತಿರ ಬಂದರೆ ಅದರಲ್ಲಿರುವುದನ್ನು ಓದಿ ಹೇಳಿ. ಅದು ಅವರ ಕೈಗೆ ಬಂದ ತಾರೀಖನ್ನು ಹಿಂಬದಿಗೆ ಬರೆಸಿ, ಅಲ್ಲಿಂದ 30 ದಿನ ಎಣಿಸಿ ಯಾವ ತಾರೀಖಿಗೆ ಮುಗಿಯುತ್ತದೆಂಬುದನ್ನೂ ಬರೆದುಕೊಡಿ.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು.